ಅರಳಿ

ತೂಕದ ಚೀಟಿ ಅವ್ವ ಇನ್ನೂ ಇಟ್ಟಾಳ,
ಬೀಡಿ ಕಂಪನಿಯ ಪಾಸ್‌ಬುಕ್ಕಿನೊಳಗ ಮಡಚಿ:
ಒಂದು ಕಿಲೋ ನೂರಾ ಎಂಬತ್ತು ಗ್ರಾಮು.
'ಅಷ್ಟು ತಂಬಾಕಿನಾಗ
ನಾ ಎಷ್ಟು ಕಟ್ಟು ಕಟ್ಟತಿದ್ದೆ ಗೊತ್ತೇನು?'
ಅಂತ ನಗತಾಳ.
ನಗೂದು ಮುಗಿಯೂದರಾಗ ಕೆಮ್ಮು.

ಏಳನೇ ತಿಂಗಳು. ಸೊಲ್ಲಾಪುರದ ಸಿವ್ಹಿಲ್ ದವಾಖಾನಿ.
ಗಾಜಿನ ಪೆಟ್ಟಿಗಿ ಒಂದು, ಕೂಸು ಮೂರು,
ಪಾಳಿ ಹಚ್ಚಿ ಬೆಚ್ಚಗಾಗೂ ಕಾಲ.
ನನ್ನ ಪಾಳಿ ಮುಗದಾಗ
ಅರಳಿಯೊಳಗ ಸುತ್ತಿ, ಕುಬಸದ ಗುಂಡಿ ಬಿಚ್ಚಿ,
ಎದಿಗೆ ಎದಿ ಹಚ್ಚಿ ಕೂಡತಿದ್ದಳಂತ.
ನಾ ನಡುನಡುವ ಉಸಿರು ಮರೀತಿದ್ದೆ.
ಅಂಗಾಲಿಗೆ ಬೆರಳಿಲೆ ಟಕ್ ಅಂತ ಹೊಡದರ
ಮತ್ತ ನೆನಪಾಗತಿತ್ತು.
ರಾತ್ರಿಯೆಲ್ಲಾ ಎಣಿಸ್ಯಾಳ.
ಆಕಿಗೆ ಬರೂ ಲೆಕ್ಕ ಒಂದೇ,
ಇಪ್ಪತ್ತೈದಕ್ಕ ಒಂದು ಕಟ್ಟು.
ಇಪ್ಪತ್ತೈದು ಉಸಿರಿಗೆ ಒಂದು ದಾರ ಸುತ್ತಿ
ಬಾಜೂಕ ಇಟ್ಟಂಗ.

ಓಣ್ಯಾಗ ನನ್ನ ಹೆಸರು ಮಹಾನಂದಾ ಅಲ್ಲ, ಅರಳಿ.
'ಅರಳಿಗೆ ಗಾಳಿ ಬಡೀತದ, ಒಳಗ ಕರಕೋ.'
'ಅರಳಿ ಕೈಲೆ ನೀರು ಹೊರಸಬ್ಯಾಡ.'
ಸಾಲ್ಯಾಗ ಪೀಟಿ ತಾಸಿಗೆ
ಎಲ್ಲಾರ ಚಪ್ಪಲಿ ಕಾಯೂ ಕೆಲಸ ನಂದು.
ಹತ್ತು ವರ್ಷ ಕಾದೆ.
ಯಾರ ಹಿಮ್ಮಡ ಯಾವ ಕಡೆ ಸವೀತದ,
ಯಾರು ಜೋರು ಓಡತಾರ,
ಚಪ್ಪಲಿ ನೋಡೇ ಹೇಳತಿದ್ದೆ.

ಇಪ್ಪತ್ತೊಂದಕ್ಕ ಪೊಲೀಸ್ ಭರತಿ ಫಾರ್ಮು ತುಂಬಿದೆ.
ಎಂಟುನೂರು ಮೀಟರ್ ಓಟ.
ಮೂರು ದಿನ ಅವ್ವ ಮಾತಾಡಲಿಲ್ಲ.
ನಾಕನೇ ದಿನ ದವಾಖಾನಿಗೆ ಕರಕೊಂಡು ಹೋದಳು,
ದೊಡ್ಡವರ ಬಾಯಿಲೆ 'ಬ್ಯಾಡ' ಅನಸಲಿಕ್ಕೆ.
ಡಾಕ್ಟರ್‌ಬಾಯಿ ಕೊಳವಿ ಕೊಟ್ಟು 'ಊದು' ಅಂದಳು.
ಊದಿದೆ. ಮುಳ್ಳು ಅರ್ಧಾ ದಾರಿಗೆ ನಿಂತಿತು,
ಏರಿಗೆ ನಿಂತ ಟಮ್‌ಟಮ್‌ನಂಗ.
'ಮನಿ ಕಟ್ಟೂದು ಅರ್ಧಕ್ಕ ಬಿಟ್ಟು ಬಂದೀ,
ಖೋಲಿ ಸಣ್ಣ ಅವ. ಈಗ ಹೊಸಾದು ಕಟ್ಟಾಕ ಬರಂಗಿಲ್ಲ.
ಇದ್ದ ಖೋಲಿ ಕಸಾ ಹೊಡದು
ಖಿಡಕಿ ತಗೀಬಹುದು.
ಓಡು. ಸಾವಕಾಶ. ದಿನಾ.'
ಅವ್ವನ ಕಡೆ ತಿರುಗಿ,
'ನಿಮ್ಮ ಕೆಮ್ಮು ಎಷ್ಟು ದಿನದ್ದು?'
ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು
ಹೊರಗ ಬಂದಳು.

ನಸುಕಿನ್ಯಾಗ ಅಕ್ಕಲಕೋಟೆ ಮೈದಾನ.
ರಿಟೈರ್ ಹವಾಲ್ದಾರ ಕಾಶೀರಾಯ, ಬಾಯಾಗ ಸೀಟಿ,
ಪಾಠ ಮರಾಠಿ, ಬೈಗಳ ಕನ್ನಡ.
ಮೊದಲ ವಾರ ಎರಡು ಲೈಟಿನ ಕಂಬ ಓಡಿದೆ, ಮೂರು ನಡದೆ.
ದೀಪಾವಳಿ ಹೊತ್ತಿಗೆ ಮೂರು ಓಡಿದೆ, ಎರಡು ನಡದೆ.
ಎದಿಯೊಳಗ ಯಾರೋ ಹಳೇ ಕುಬಸ ಹರದಂಗ ಸಪ್ಪಳ.
ಮೀನಖಂಡ ಕಲ್ಲಾಗಿ ರಾತ್ರಿ ಎಬ್ಬಿಸತಿದ್ದವು.
ಜೋಡಿದಾರ ಹುಡುಗ್ಯಾರು ನನ್ನ ದಾಟಿ, ಇನ್ನೊಮ್ಮೆ ದಾಟಿ,
ಚಪ್ಪಲಿ ಹಾಕ್ಕೊಂಡು ಮನಿಗೆ ಹೋಗತಿದ್ದರು.
ಯಾವ ದಿನ ಅಂತ ಹೇಳಲಾರೆ,
ಒಂದು ಮುಂಜಾನೆ
ಕಂಬ ಎಣಿಸೂದು ಮರತೆ.

ಅವ್ವ ದಿನಾ ಬರತಾಳ.
ಅಂಚಿಗೆ ಕೂತು, ಮೊರ ತೊಡೀ ಮ್ಯಾಲ ಇಟ್ಟು
ಬೀಡಿ ಸುತ್ತತಾಳ. ನನ್ನ ಕಡೆ ನೋಡಂಗಿಲ್ಲ.

ಭರತಿಗೆ ಎಂಟು ದಿನ ಇದ್ದಾಗ
ಹವಾಲ್ದಾರ ಬರಲಿಲ್ಲ. ನನ್ನ ಮೊಬೈಲಿಗೆ ಚಾರ್ಜಿಲ್ಲ.
ಹಂಗೇ ಓಡಿದೆ, ಎರಡು ಸುತ್ತು,
ಕಾಲ ಗೊತ್ತಿಲ್ಲದ.
ಮುಗಿಸಿ ಅವ್ವನ ಹಂತ್ಯಾಕ ಮಣ್ಣಾಗ ಬಿದ್ದೆ.
'ಎರಡು ಕಟ್ಟು, ಮ್ಯಾಲ ಎಂಟು.'
ಬೀಡಿ ಏನು? ಅಂದೆ.
'ಉಸಿರು. ನಂದು.'
ಮೊರದಾಗ ಎಲಿ ಇಟ್ಟಂಗೇ ಇದ್ದವು,
ಒಂದರ ಮ್ಯಾಲ ಚಿಟಿಕಿ ತಂಬಾಕು, ಸುತ್ತದ.

ಸ್ವಲ್ಪ ಹೊತ್ತು ಬಿಟ್ಟು ಅಂದಳು,
'ಪಕ್ಕಾ ಲೆಕ್ಕ ಅಂತ ಹಿಡೀಬ್ಯಾಡ ಮತ್ತ.
ಕಡೀ ತಿರುವಿನ್ಯಾಗ ನೀ ಬರೂ ಮುಂದ
ನಾ ಉಸಿರು ತಗೊಳ್ಳೂದು ಮರತಿದ್ದೆ.'

ನಾ ಬಿದ್ದಲ್ಲಿಂದಲೇ ಕೈ ಚಾಚಿ
ಆಕಿ ಅಂಗಾಲಿಗೆ ಬೆರಳಿಲೆ
ಟಕ್ ಅಂತ ಹೊಡದೆ.